ದೇವರ ಮೂರ್ತಿಯ ಪೀಠದ ಮೇಲೆ ಶಿಲ್ಪಿ ಹೆಸರು ಕೆತ್ತಬಹುದಾ?

ಪ್ರಶ್ನೆ
ನಾಲ್ಕು ವರ್ಷದಿಂದ ಕಲ್ಲು ಕೆತ್ತನೆ ಕಲೀತಿದ್ದೀನಿ. ಪೂರ್ತಿ ನನ್ನ ಕೈಯಲ್ಲೇ ಆದ ಮೊದಲ ಮೂರ್ತಿ, ಕೃಷ್ಣಶಿಲೆಯ ಎರಡೂವರೆ ಅಡಿ ಗಣಪತಿ, ಪಕ್ಕದ ಊರಿನ ಗುಡಿಗೆ ಹೋಗ್ತಿದೆ. ಪೀಠದ ಬದಿಗೆ ಹೆಸರು ಕೆತ್ತಲಾ ಅಂತ ಗುರುಗಳನ್ನ ಕೇಳಿದೆ. "ದೇವರಿಗಿಂತ ಮುಂಚೆ ಜನ ನಿನ್ನ ಹೆಸರು ಓದಬೇಕಾ?" ಅಂದು ಎದ್ದು ಹೋದರು. ಎರಡು ದಿನದಿಂದ ನಿದ್ದೆ ಸರಿಯಿಲ್ಲ. ಇದು ಅಹಂಕಾರವೇ ಇರಬಹುದು. ಆದರೆ ಅದೂ ಇಲ್ಲದಿದ್ದರೆ ದಿನಾ ಎಂಟು ಗಂಟೆ ಧೂಳು ಕುಡಿದುಕೊಂಡು ಕೂರೋಕೆ ನನ್ನ ಕೈಲಿ ಆಗ್ತಿತ್ತಾ?

ಉತ್ತರ 1
ಒಂದ್ಸಲ ಸೋಮನಾಥಪುರಕ್ಕೆ ಹೋಗಿ ಬನ್ನಿ. ಹದಿಮೂರನೇ ಶತಮಾನದ ಕೇಶವ ದೇವಾಲಯ. ಹೊರಗೋಡೆಯ ಮೂರ್ತಿಗಳ ಪೀಠ ನೋಡ್ತಾ ಹೋದರೆ ಮಲ್ಲಿತಮ್ಮ, ಮಸಣಿತಮ್ಮ ಅಂತ ಹೆಸರುಗಳು ಸಿಗ್ತವೆ. ಬೇಲೂರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಲ್ಲಿನ ರೂವಾರಿಗಳಿಗೆ, ಅಂದ್ರೆ ಶಿಲ್ಪಿಗಳಿಗೆ, ಹೆಸರಷ್ಟೇ ಸಾಲಲಿಲ್ಲ, ಬೇರೆ ರೂವಾರಿಗಳ ಸೊಕ್ಕು ಮುರಿಯೋನು ನಾನು ಅನ್ನೋ ಅರ್ಥದ ಬಿರುದುಗಳನ್ನೂ ಕೆತ್ತಿಕೊಂಡರು! ಅವರು ಹಾಗೆ ಮಾಡಿದ್ದಕ್ಕೇ ಇವತ್ತು ನಾವು ಅವರ ಹೆಸರು ಹೇಳ್ತಿದ್ದೀವಿ. ಧೈರ್ಯವಾಗಿ ಕೆತ್ತಿ.

ಉತ್ತರ 2
ಅದು ಗೋಡೆಯ ಶಿಲ್ಪ, ಇದು ಪೂಜೆಗೆ ಕೂರೋ ಮೂರ್ತಿ. ಗುರುಗಳ ಮಾತನ್ನ ಸುಲಭಕ್ಕೆ ತಳ್ಳಿಹಾಕಬೇಡಪ್ಪ.

ನನ್ನದೊಂದು ಹೇಳ್ತೀನಿ. ಕಲಿಯೋ ಕಾಲದಲ್ಲಿ ಪ್ರದರ್ಶನಕ್ಕೆ ಅಂತ ಬಳಪದ ಕಲ್ಲಲ್ಲಿ ಒಂದು ಮದನಿಕೆ ಮಾಡ್ತಿದ್ದೆ. ಪಕ್ಕದಲ್ಲಿ ಕೂತವನು ಬೆರಳುಗಳನ್ನ ಬಿಡಿಬಿಡಿಯಾಗಿ ತೆಗೆದಿದ್ದ. ಅವನಿಗಿಂತ ತೆಳ್ಳಗೆ ತೆಗೀತೀನಿ ಅಂತ ನನಗೆ ಹಠ. ಸಂದಿಗೆ ಸಣ್ಣ ಉಳಿ ಇಟ್ಟು ಒಂದೇ ಏಟು, ಕಿರುಬೆರಳು ಪಟ್ಟಂತ ಹಾರಿಹೋಯ್ತು. ಕಲ್ಲಿನ ಎಳೆ ಅಡ್ಡ ಹೋಗಿದ್ದು ಎದ್ದು ಕಾಣ್ತಿತ್ತು, ನನ್ನ ಕಣ್ಣು ಮಾತ್ರ ಪಕ್ಕದವನ ಕೈ ಮೇಲಿತ್ತು. ಮೂರು ತಿಂಗಳ ಕೆಲಸ. ದೇವರ ಮೂರ್ತಿ ಆಗಿದ್ದರೆ ಭಿನ್ನ ಆಯ್ತು ಅಂತ ಪೂಜೆಗೇ ಬರ್ತಿರಲಿಲ್ಲ.

ಹಾಗಂತ ಹಠ ಬಿಟ್ಟೆ ಅಂದುಕೋಬೇಡ. ಮುಂದೆ ಒಂದು ಪ್ರಭಾವಳಿ ಮುಂದೆ ಆರು ತಿಂಗಳು ನನ್ನನ್ನ ಕೂರಿಸಿದ್ದೂ ಅದೇ ಹಠ. ಆಗ ಎದುರಿಗೆ ಕಲ್ಲು ಬಿಟ್ಟು ಬೇರೆ ಯಾರೂ ಇರಲಿಲ್ಲ.

ಒಂದು ಕೇಳ್ತೀನಿ, ನಿಜ ಹೇಳು. ಹೆಸರು ಕೆತ್ತೋ ಯೋಚನೆ ಬಂದಿದ್ದು ಮೂರ್ತಿ ಮುಗಿದ ಮೇಲಾ, ಮುಂಚೆನಾ?

ಪ್ರಶ್ನೆ ಕೇಳಿದವರು
ಮುಂಚೆನೇ ಸಾರ್. ಸೊಂಡಿಲು ತಿರುಗೋ ಕಡೆ ಒಂದು ಉಳಿ ಗುರುತು ಹಾಗೇ ಉಳಿದಿದೆ. ಎಣ್ಣೆ ಸವರಿದರೆ ಮುಚ್ಚಿಹೋಗುತ್ತೆ ಅಂತ ಬಿಟ್ಟಿದ್ದೆ. ನಾಳೆ ಬೆಳಿಗ್ಗೆ ಅದನ್ನ ಉಜ್ಜಿ ತೆಗೀತೀನಿ. ಆಮೇಲೆ ಗುರುಗಳನ್ನ ಇನ್ನೊಂದು ಸಲ ಕೇಳ್ತೀನಿ.