ಸಾಗರದ ಕಡೆ ಮೂರು ದಿನ: ಹಳೆ ದೇವಸ್ಥಾನ, ಬುಡಕಟ್ಟಿನವರ ಹಳ್ಳಿ, ಯಾವ ದಾರಿ ಒಳ್ಳೆಯದು?

ಬೆಣ್ಣೆದೋಸೆ:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಮೂರು ದಿನ ರಜೆ ಸಿಗುತ್ತಿದೆ. ದಾವಣಗೆರೆಯಿಂದ ನಾನು, ಹೆಂಡತಿ, ಅಮ್ಮ ಕಾರಿನಲ್ಲಿ ಹೊರಡುತ್ತೇವೆ. ಜೋಗಕ್ಕೆ ಎರಡು ಸಲ ಹೋಗಿದ್ದೇವೆ, ಎರಡು ಸಲವೂ ಮಂಜು ಬಿಟ್ಟರೆ ಏನೂ ಕಾಣಲಿಲ್ಲ, ಹಾಗಾಗಿ ಈ ಸಲ ಅದು ಬೇಡ. ಹಳೆ ದೇವಸ್ಥಾನ ನೋಡಬೇಕು, ಜೊತೆಗೆ ಬುಡಕಟ್ಟು ಜನರ ಹಳ್ಳಿ ಒಂದನ್ನು ನೋಡಬೇಕು ಅಂತ ಆಸೆ. ದೀವರು ಅನ್ನುವ ಬುಡಕಟ್ಟಿನವರು ಗೋಡೆ ಮೇಲೆ ಚಿತ್ರ ಬರೆಯುತ್ತಾರಂತೆ, ವಿಡಿಯೋದಲ್ಲಿ ನೋಡಿದೆ. ಅಮ್ಮನಿಗೆ ಮಂಡಿನೋವು, ಹತ್ತೋದು ಇಳಿಯೋದು ಜಾಸ್ತಿ ಇರಬಾರದು. ಗೊತ್ತಿದ್ದವರು ಹೇಳಿ.

ತುಂಗೆತೀರ:
ದಾವಣಗೆರೆಯವರು ಶಿವಮೊಗ್ಗಕ್ಕೆ ಬಂದು ಸುತ್ತುವುದು ಯಾಕೆ? ಹೊನ್ನಾಳಿ, ಶಿಕಾರಿಪುರದ ಮೇಲೆ ಶಿರಾಳಕೊಪ್ಪಕ್ಕೆ ಬನ್ನಿ. ಬಳ್ಳಿಗಾವಿ, ತಾಳಗುಂದ ಎರಡೂ ಅಲ್ಲೇ ಪಕ್ಕದಲ್ಲಿವೆ. ಬಳ್ಳಿಗಾವಿ ಅಲ್ಲಮಪ್ರಭುವಿನ ಊರು ಅಂತ ಹೇಳಿ, ಅಮ್ಮನಿಗೆ ಖುಷಿಯಾಗುತ್ತದೆ. ಕೇದಾರೇಶ್ವರ ಗುಡಿಗೆ ಮೂರು ಗರ್ಭಗುಡಿ, ನಿಧಾನ ನೋಡಿ. ತಾಳಗುಂದದ ಪ್ರಣವೇಶ್ವರ ಗುಡಿ ಚಿಕ್ಕದು, ಐದು ನಿಮಿಷದಲ್ಲಿ ಹೊರಟು ಬಿಡುವವರೇ ಜಾಸ್ತಿ. ಎದುರಿನ ಕಲ್ಲಿನ ಕಂಬವನ್ನು ಮಾತ್ರ ಬಿಡಬೇಡಿ. ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆಯವನ ಜೊತೆ ಜಗಳ ಆಡಿ, ದರ್ಭೆ ಬಿಟ್ಟು ಕತ್ತಿ ಹಿಡಿದ ಕಥೆ ಅದರ ಮೇಲೇ ಇದೆ, 5ನೇ ಶತಮಾನದ್ದು. ಅದೇ ಊರಲ್ಲಿ 2013ರಲ್ಲಿ ಅಗೆದಾಗ ಸಿಂಹಕಟಾಂಜನ ಶಾಸನ ಸಿಕ್ಕಿತು, ಹಲ್ಮಿಡಿಗಿಂತ ಹಳೆಯದು ಅನ್ನುವ ವಾದ ಇದೆ.

ಅಲ್ಲಿಂದ ಸೊರಬದ ಮೇಲೆ ಸಾಗರ. ಎರಡನೇ ದಿನ ಕೆಳದಿ ಮತ್ತು ಇಕ್ಕೇರಿ, ಎರಡೂ ಸಾಗರಕ್ಕೆ ಹತ್ತಿರ. ಕೆಳದಿಯಲ್ಲಿ ವೀರಭದ್ರ ಗುಡಿಯ ಚಾವಣಿ ನೋಡಿ, ಗಂಡಭೇರುಂಡ ಇದೆ. ಇಕ್ಕೇರಿ ಅಘೋರೇಶ್ವರದಲ್ಲಿ ಎಲ್ಲರೂ ಮೇಲೆ ನೋಡುತ್ತಾ ಹೋಗುತ್ತಾರೆ, ನೀವು ನೆಲ ನೋಡಿ. ಗರ್ಭಗುಡಿಗೆ ಎದುರಾಗಿ ಅಡ್ಡಬಿದ್ದ ಮೂವರು ಕೆಳದಿ ಅರಸರನ್ನು ನೆಲದ ಮೇಲೇ ಕೆತ್ತಿದ್ದಾರೆ, ಒಬ್ಬನ ಕೈಕಾಲಿಗೆ ಬೇಡಿ ಬೇರೆ! ನಾನು ಮೊದಲ ಸಲ ಹೋದಾಗ ಗೊತ್ತಾಗದೆ ತುಳಿದುಕೊಂಡೇ ಹೋಗಿದ್ದೆ. ಜಗಲಿ ಎತ್ತರ ಇದೆ, ಅಮ್ಮನ ಕೈ ಹಿಡಿದು ಹತ್ತಿಸಿ. ಕವಲೇದುರ್ಗ ಬೆಟ್ಟ ಹತ್ತಬೇಕಾದ ಕೋಟೆ, ನಿಮಗೆ ಬೇಡವೇ ಬೇಡ.

ಅಡಿಕೆಗೊನೆ:
ದೇವಸ್ಥಾನದ್ದು ಅವರು ಹೇಳಿದರು. ಇನ್ನೊಂದು ವಿಷಯ ನಾನು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ದೀವರವಳೇ. ನಾವು ಬುಡಕಟ್ಟಿನವರಲ್ಲ ಮಾರಾಯ್ರೆ, ಗದ್ದೆ, ತೋಟ ಮಾಡಿಕೊಂಡು ಇರುವವರು, ನನ್ನ ತಮ್ಮ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇರುವುದು ಹಸಲರು, ಮಲೆಕುಡಿಯರು, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಯರು ಇಂಥವರು. ಅವರ ಹಳ್ಳಿಗೂ ಸುಮ್ನೆ "ನೋಡೋಕೆ" ಅಂತ ಹೋಗುವುದು ಸರಿಯಲ್ಲ. ನಮ್ಮ ಕಡೆ ಹಸಲರಲ್ಲಿ ತುಂಬಾ ಜನ ತೋಟದ ಕೆಲಸಕ್ಕೆ ಹೋಗುವವರು, ಹಗಲು ಹೋದರೆ ನಿಮಗೆ ಸಿಗುವುದು ಬೀಗ ಮತ್ತು ನಾಯಿ. ಹೋದ ವರ್ಷ ಒಂದು ಹೋಂಸ್ಟೇಯವರು ಜೀಪಿನಲ್ಲಿ ಹತ್ತು ಜನರನ್ನು ತುಂಬಿಕೊಂಡು ನಮ್ಮ ಅಂಗಳಕ್ಕೇ ಬಂದರು, ಕೇಳಲಿಲ್ಲ, ಮಾಡಲಿಲ್ಲ, ಪಾತ್ರೆ ತಿಕ್ಕುತ್ತಿದ್ದ ಅತ್ತೆಯ ಫೋಟೋ ತೆಗೆದರು. ಅತ್ತೆ ಅವತ್ತು ಹಲ್ಲಿನ ಸೆಟ್ ಹಾಕಿರಲಿಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ.

ನೀವು ನೋಡಿದ್ದು ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆ, ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚ ಪುಂಡಿ ನಾರಿನದು. ಮದುವೆ ಮನೆಯಲ್ಲಿ ಹೆಂಗಸರು ಬರೆಯುವುದು. ನಿಮ್ಮ ಅದೃಷ್ಟಕ್ಕೆ ಅಕ್ಟೋಬರ್‌ನಲ್ಲಿ ಸಾಮಾನ್ಯವಾಗಿ ಭೂಮಿ ಹುಣ್ಣಿಮೆ ಬರುತ್ತದೆ, ಕ್ಯಾಲೆಂಡರ್‌ನಲ್ಲಿ ಸೀಗೆ ಹುಣ್ಣಿಮೆ ಅಂತ ಇರುತ್ತದೆ ನೋಡಿ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ, ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ. ಬುಟ್ಟಿಗೂ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತೇವೆ, ಭೂಮಣ್ಣಿ ಬುಟ್ಟಿ ಅಂತ. ರಾತ್ರಿಯೆಲ್ಲ ಅಡುಗೆ. ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲುತ್ತಾರೆ, ಕಾಗೆಗೂ ಇಲಿಗೂ ಎಡೆ ಇದೆ. ಗೋಡೆ ನೋಡಿ ಹೋಗುವುದಕ್ಕಿಂತ ಅದನ್ನು ನೋಡಿ.

ಬೆಣ್ಣೆದೋಸೆ:
ತಪ್ಪಾಯ್ತು ಅಕ್ಕ, ವಿಡಿಯೋದವರು ಹೇಳಿದ್ದನ್ನೇ ನಂಬಿದೆ. ಹಾಗಾದರೆ ರಜೆಯನ್ನು ಹುಣ್ಣಿಮೆಗೆ ಹೊಂದಿಸುತ್ತೇನೆ. ಅಮ್ಮ ಪಕ್ಕದಲ್ಲೇ ಕೂತು ಓದಿಸಿಕೊಂಡು ಕೇಳಿದರು, ಅತ್ತೆಯ ಫೋಟೋ ವಿಷಯಕ್ಕೆ ಜೋರಾಗಿ ನಕ್ಕರು. ಬಂದರೆ ಯಾರದಾದರೂ ಗದ್ದೆಗೆ ಹೋಗಬಹುದಾ? ಉಂಬಳ (ಜಿಗಣೆ) ಇರುತ್ತದಾ? ಹೆಂಡತಿಗೆ ಅದೊಂದೇ ಭಯ.

ತುಂಗೆತೀರ:
ಅಕ್ಟೋಬರ್‌ನಲ್ಲೂ ಮಳೆ ಬಂದರೆ ಇರುತ್ತದೆ. ಹತ್ತಿದರೆ ಎಳೆಯಬೇಡಿ, ಉಪ್ಪು ಅಥವಾ ಸುಣ್ಣ ಮುಟ್ಟಿಸಿ, ತಾನೇ ಬೀಳುತ್ತದೆ. ಮೂರನೇ ದಿನ ಸಿಗಂದೂರು ಚೌಡೇಶ್ವರಿ ಗುಡಿ ಇಟ್ಟುಕೊಳ್ಳಿ. 2025ರ ಜುಲೈಯಿಂದ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಆಗಿದೆ, ಲಾಂಚ್‌ಗೆ ಕಾಯುವ ಕಷ್ಟ ಇಲ್ಲ. ನನಗಂತೂ ಲಾಂಚೇ ಚೆನ್ನಾಗಿತ್ತು ಅನಿಸುತ್ತದೆ, ಆದರೆ ಆ ದಡದಲ್ಲಿ ಇರುವವರ ಮುಂದೆ ಹಾಗೆ ಹೇಳಿದರೆ ಬೈಸಿಕೊಳ್ಳುತ್ತೀರಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಅವತ್ತಿನಿಂದ ಕಾದವರು ಅವರು.

ಅಡಿಕೆಗೊನೆ:
ನಮ್ಮ ಗದ್ದೆಗೇ ಬನ್ನಿ, ಎರಡು ದಿನ ಮೊದಲು ಇಲ್ಲೇ ಮೆಸೇಜ್ ಹಾಕಿ. ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು, ಅಂಚಿನ ಮೇಲೆ ಜಾರುತ್ತದೆ, ಅಮ್ಮ ಅಂಗಳದಲ್ಲೇ ಅತ್ತೆ ಜೊತೆ ಕೂರಲಿ. ಬರುವಾಗ ದಾವಣಗೆರೆ ಮಂಡಕ್ಕಿ ತನ್ನಿ. ಫೋಟೋ ಬೇಕಾದರೆ ಮೊದಲು ಅತ್ತೆಯನ್ನು ಕೇಳಿ, ಹಲ್ಲು ಹಾಕಿಕೊಂಡು ಬರುತ್ತಾರೆ.