ಸ್ಪ್ರಿಂಟಿಗೆ 60 ಪಾಯಿಂಟ್ ತುಂಬಿದ್ದಾರೆ, ಬೇಡ ಅಂದು ಗೆದ್ದವರು ಇದ್ದೀರಾ? (ಪುಣೆ)

ವಾಕಡ್‌ನಿಂದ: ಏಳು ಜನರ ಸಾಫ್ಟ್‌ವೇರ್ ಟೀಮು. ಕಳೆದ ಮೂರು ಸ್ಪ್ರಿಂಟಲ್ಲಿ (ಇಷ್ಟು ದಿನ ಅಂತ ಗೊತ್ತು ಮಾಡಿದ ಕೆಲಸದ ಸುತ್ತು) ಪ್ರತಿ ಸಲ 38ರಿಂದ 42 ಪಾಯಿಂಟ್ (ಕೆಲಸ ಎಷ್ಟು ದೊಡ್ಡದು ಅನ್ನೋ ಅಂದಾಜಿನ ಅಳತೆ) ಮುಗಿಸಿದ್ದೀವಿ. ಈ ಸಲ ಮ್ಯಾನೇಜರ್ 60 ಹಾಕಿದ್ದಾರೆ, ಗಣಪತಿ ಹಬ್ಬಕ್ಕೆ ಇಬ್ಬರು ಊರಿಗೆ ಹೊರಟಿದ್ದಾರೆ. ಏನು ಮಾಡಲಿ?

ಖರಾಡಿಯಿಂದ: ನಾನು ಬೇಡ ಅನ್ನಲಿಲ್ಲ, ಅದರ ಲೆಕ್ಕ ಕೇಳಿ. ಆರು ಜನ, ಹತ್ತು ದಿನ, ಕಾಗದದ ಮೇಲೆ 60 ಆಳು-ದಿನ. ಹಬ್ಬದ ರಜೆಗೆ 8 ಹೋಯ್ತು. ಪ್ರೊಡಕ್ಷನ್ ಸಪೋರ್ಟಿಗೆ, ಅಂದ್ರೆ ಈಗಾಗಲೇ ಬಳಕೆಯಲ್ಲಿರೋ ಸಾಫ್ಟ್‌ವೇರ್ ನೋಡಿಕೊಳ್ಳೋಕೆ, ಒಬ್ಬ ಪೂರ್ತಿ, 10. ಪ್ಲಾನಿಂಗು, ಸ್ಟ್ಯಾಂಡಪ್ಪು, ರೆಟ್ರೊ ಅಂತ ಮೀಟಿಂಗುಗಳಿಗೆ ತಲೆಗೊಂದು ದಿನ, 6. ಉಳಿದದ್ದು 36, ಒಪ್ಪಿಕೊಂಡದ್ದು 60ರ ಕೆಲಸ. ಮೊದಲ ಸ್ಪ್ರಿಂಟಲ್ಲಿ 13 ಪಾಯಿಂಟ್ ಉಳೀತು, ಆಮೇಲೆ 21, ಆಮೇಲೆ 29. ಐದು ಶನಿವಾರ ಕೂತ್ವಿ. ಟೆಸ್ಟಿಂಗ್ ಎಲ್ಲ ಕೊನೆಯ ಎರಡು ದಿನಕ್ಕೆ ಬಂದು ಬೀಳೋದು. ಇದ್ದ ಒಬ್ಬಳೇ ಟೆಸ್ಟರ್ ನನ್ನ ಮುಂದೆ ಅತ್ತು ರಾಜೀನಾಮೆ ಕೊಟ್ಟಳು. ಅವಳ ಜಾಗಕ್ಕೆ ಬಂದವರು ಕೆಲಸ ಹಿಡಿಯೋಕೆ ನಾಲ್ಕು ತಿಂಗಳು. ಈಗ ಮೊದಲು ಲೆಕ್ಕದಿಂದ ರಜೆ ಕಳೀತೀನಿ, ಪಾಯಿಂಟ್ ಆಮೇಲೆ.

ಹಿಂಜವಡಿ ಫೇಸ್ 3ರಿಂದ: ಪಾಯಿಂಟ್ ಬಿಡ್ರಿ ಅಕ್ಕಾರ. ‘ನಾನ ಹುಟ್ಟಿಸಿದ್ರ ಅದಕ್ಕ ಈಗ ವಿಷಾದ ಐತಿ’ ಅನ್ನೋ ಅರ್ಥದಾಗ, ಪಾಯಿಂಟ್ ಹುಟ್ಟಿಸಿದವ್ರು ಅಂತಾರಲ್ಲ, ಆ ರಾನ್ ಜೆಫ್ರೀಸ್ ಅವರೇ ಬರದಾರ. ನಾವು 12 ಟಿಕೆಟ್ (ಬಿಡಿ ಬಿಡಿ ಕೆಲಸ) ಒಮ್ಮೆಲೆ ಎತ್ತಿಕೊಂಡು ಕೂಡ್ತಿದ್ವಿ, ಮುಗೀತಿದ್ದದ್ದು ದಿನಕ್ಕ ಒಂದು. ಅಂದ್ರ ಒಂದೊಂದಕ್ಕ 12 ದಿನ; ಕೈಯಾಗಿನ ಕೆಲಸಾನ ದಿನಕ್ಕ ಮುಗಿಯೋದರಿಂದ ಭಾಗಿಸೋದು, ಲಿಟಲ್ ಅವರ ಸೂತ್ರ ಅದು. ಟಿಕೆಟ್ ಹಚ್ಚೋ ಬೋರ್ಡ್ ಮ್ಯಾಲೆ ಒಮ್ಮೆಗೆ 5ರ ಮಿತಿ ಹಾಕಿದ್ವಿ, ಐದ ದಿನಕ್ಕ ಹೊರಗ ಬರಾಕತ್ತಿದ್ವು. ಆ ಮಿತಿ ಒಪ್ಪಿಸಾಕ ಮೂರು ತಿಂಗಳು ಜಗಳಾಡೀನಿ, ಆ ವರ್ಷ ರೇಟಿಂಗೂ ಕಳಕೊಂಡೀನಿ. ಇನ್ನೊಮ್ಮೆ ಮಾಡು ಅಂದ್ರೂ ಅದನ್ನ ಮಾಡ್ತೀನಿ.

ಖರಾಡಿಯಿಂದ: ನಿಮ್ಮದು ಸಪೋರ್ಟ್ ಟೀಮ್ ಇರಬೇಕು. ಕ್ಲೈಂಟಿಗೆ ತಾರೀಖು ಬರೆದುಕೊಟ್ಟ ಮೇಲೆ ಮಿತಿ ಅಂತ ಕೂತರೆ ಆಗುತ್ತಾ?

ಹಿಂಜವಡಿ ಫೇಸ್ 3ರಿಂದ: ಪೇಮೆಂಟ್ ಪ್ರಾಡಕ್ಟ್ ರೀ ನಮ್ಮದು. ಗೊತ್ತಿಲ್ಲದ ಮಾತಾಡಬ್ಯಾಡ್ರಿ.

ಮಗರಪಟ್ಟಾದಿಂದ: ತಾರೀಖು ಅಂದಿರಿ, ಹೊಟ್ಟೆ ಉರೀತು. ನಮ್ಮ ಬಾಸ್ ತಾರೀಖು ಉಳಿಸೋಕೆ ಕೊನೆಯ ತಿಂಗಳು ಮೂರು ಜನರನ್ನ ಸೇರಿಸಿದ್ರು. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡ ಅಂತ ಸಾಫ್ಟ್‌ವೇರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದು. ಇಬ್ಬರು ಸೀನಿಯರ್‌ಗಳು ಪಾಠ ಹೇಳಿಕೊಡ್ತಾ ಕೂತ್ರು, ರಿಲೀಸ್ ಆರು ವಾರ ಮುಂದೆ ಹೋಯ್ತು, ಬೈಗುಳ ನನಗೆ. ಈ ಸ್ಪ್ರಿಂಟ್ ಪದ್ಧತಿಯ ಕೈಪಿಡಿ ಸ್ಕ್ರಮ್ ಗೈಡ್ 2011ರಲ್ಲೇ ಸ್ಪ್ರಿಂಟಿನ ಕೆಲಸವನ್ನ ‘ಮಾತು ಕೊಟ್ಟದ್ದು’ ಅನ್ನೋದು ಬಿಟ್ಟು ‘ಅಂದಾಜು’ ಅಂದಿದೆ. ನಮ್ಮಲ್ಲಿ ಯಾರೂ ಅದನ್ನ ಓದೋದಿಲ್ಲ.

ಹಿಂಜವಡಿ ಫೇಸ್ 3ರಿಂದ: ಮಳಿಗಾಲದಾಗ ವಾಕಡ್ ಬ್ರಿಜ್ ದಾಟಾಕ ಎರಡು ತಾಸು ಹಿಡಿದದ್ದೈತಿ. ಅದನ್ನೂ ಕೆಪಾಸಿಟಿ (ಟೀಮಿನ ಕೈಲಾಗೋ ಕೆಲಸ) ಒಳಗ ಕಳೀರಿ.

ಖರಾಡಿಯಿಂದ: ಪ್ರಯಾಣ ಯಾಕೆ ಕಳೀಬೇಕು? ನಾನು ಕಾತ್ರಜ್‌ನಿಂದ ಆರು ವರ್ಷ ಓಡಾಡಿದೀನಿ, ಒಂದು ಗಂಟೆ ಕಮ್ಮಿ ಬರೆಸಿಲ್ಲ.

ಹಿಂಜವಡಿ ಫೇಸ್ 3ರಿಂದ: ಬರೆಸಬೇಕಿತ್ತು ಅಕ್ಕಾರ. ನೀವು ಬರೆಸಿದ್ರ ನಿಮ್ಮ ಹಿಂದ ಬಂದವ್ರೂ ಬರೆಸ್ತಿದ್ರು.