ಮಳೆಗಾಲ ಕಳೆದ ಮೇಲೆ, ನವರಾತ್ರಿಗೆ ಮುಂಚೆ ಅಡುಗೆಮನೆಯ ಪೂರ್ತಿ ಶುಚಿ: ಯಾವುದರಿಂದ ಆರಂಭಿಸಬೇಕು?

ಪ್ರಶ್ನೆ: ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಅಡುಗೆಮನೆಯ ಕಿಟಕಿಯನ್ನು ಬೇಕೆಂದಾಗ ತೆರೆದಿಡಲು ಆಗುವುದಿಲ್ಲ ಎಂಬುದು ಮಲೆನಾಡಿನವರಿಗೆಲ್ಲ ಗೊತ್ತಿರುವ ವಿಷಯ. ಈಗ ಮಳೆಯ ಅಬ್ಬರ ಇಳಿದು, ಬೆಳಗಿನ ಹೊತ್ತು ಒಳ್ಳೆಯ ಬಿಸಿಲು ಬೀಳತೊಡಗಿದೆ. ಮಹಾಲಯ ಅಮಾವಾಸ್ಯೆಯೊಳಗೆ ಅಡುಗೆಮನೆಯನ್ನು ಅಟ್ಟದಿಂದ ಹಿಡಿದು ಸಿಂಕಿನ ಕೆಳಗಿನವರೆಗೆ ತೊಳೆದು, ಸಾಮಾನುಗಳನ್ನು ಹೊಸದಾಗಿ ಜೋಡಿಸಬೇಕೆಂದಿದ್ದೇನೆ. ನವರಾತ್ರಿ ಹಿಡಿದ ಮೇಲೆ ನೈವೇದ್ಯದ ಅಡುಗೆ, ನೆಂಟರಿಷ್ಟರ ಉಪಚಾರಗಳ ನಡುವೆ ಇಂಥ ಕೆಲಸಕ್ಕೆ ಬಿಡುವು ಸಿಗುವುದಿಲ್ಲ.

ತೊಗರಿಬೇಳೆ ಮತ್ತು ಅಕ್ಕಿಯಲ್ಲಿ ಹುಳು ಕಾಣಿಸಿಕೊಂಡಿದೆ. ಶೇಂಗಾ ಬೀಜದ ಡಬ್ಬದ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ ಬರುತ್ತದೆ. ಒಲೆಯ ಹಿಂದಿನ ಟೈಲ್ಸ್ ಮತ್ತು ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗಳ ಮೇಲೆ ಕೈಗೆ ಅಂಟುವ ಜಿಡ್ಡು ಕುಳಿತಿದೆ. ಸಿಂಕಿನ ಕೆಳಗಿನ ಪ್ಲೈವುಡ್ ಕಪಾಟಿನಲ್ಲಿ ಬೂಷ್ಟು ಹಿಡಿದಿದೆ. ಇಷ್ಟರಲ್ಲಿ ಮೊದಲು ಯಾವುದಕ್ಕೆ ಕೈ ಹಾಕಬೇಕು, ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಎಸೆಯಬೇಕು ಎಂದು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಅಂಗಳದ ಬಿಸಿಲು, ಸಿರ್ಸಿ

ತುಂಗಾತೀರ ಅವರಿಗೆ ನಮಸ್ಕಾರ. ನೀವು ತೊಳೆಯುವುದರ ಬಗ್ಗೆ ಹೆಚ್ಚು ಯೋಚಿಸುತ್ತಿದ್ದೀರಿ ಎನ್ನಿಸುತ್ತದೆ. ಆದರೆ ಮಳೆಗಾಲ ಕಳೆದ ಮಲೆನಾಡಿನ ಅಡುಗೆಮನೆಯಲ್ಲಿ ಕೊಳೆಗಿಂತ ದೊಡ್ಡ ಶತ್ರು ತೇವ. ನೀವು ಹೇಳಿದ ಹುಳು, ಮುಗ್ಗಲು, ಬೂಷ್ಟು ಮೂರೂ ಅದರಿಂದಲೇ ಹುಟ್ಟಿದವು. ಆದ್ದರಿಂದ ಮೊದಲು ಒಣಗಿಸುವ ಕೆಲಸ ಮುಗಿಯಲಿ. ನೀರಿನ ಬಕೆಟ್ಟು ಆಮೇಲೆ ಬರಲಿ. ಇರುವ ತೇವ ಆರುವ ಮೊದಲೇ ಗೋಡೆ, ಕಪಾಟುಗಳಿಗೆಲ್ಲ ನೀರು ಹಾಕಿದರೆ ವಾರದೊಳಗೆ ಬೂಷ್ಟು ಮತ್ತೆ ಅದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ಮಾತು. ಹಸ್ತಾ, ಚಿತ್ತಾ ಮಳೆಗಳು ಇನ್ನೂ ಬಾಕಿ ಇವೆ, ಅವು ಹೆಚ್ಚಾಗಿ ಮಧ್ಯಾಹ್ನದ ನಂತರ ಗುಡುಗಿನೊಂದಿಗೆ ಬರುತ್ತವೆ. ಹೀಗಾಗಿ ಬಿಸಿಲಿಗೆ ಹಾಕುವುದನ್ನೆಲ್ಲ ಇಬ್ಬನಿ ಆರಿದ ಮೇಲೆ ಹಾಕಿ, ಮಧ್ಯಾಹ್ನ 2 ಗಂಟೆಯೊಳಗೆ ಒಳಗೆ ತೆಗೆದುಕೊಳ್ಳುವುದು ಕ್ಷೇಮ.

ದಿನಸಿಯಿಂದ ಆರಂಭಿಸಿ. ಬೇಳೆಯನ್ನು ಜರಡಿ ಹಿಡಿದು ತೆಳ್ಳಗೆ ಹರಡಿ ಒಳ್ಳೆಯ ಬಿಸಿಲಿಗೆ ಹಾಕಬಹುದು. ಅಕ್ಕಿಯನ್ನು ಮಾತ್ರ ಕಡುಬಿಸಿಲಿಗೆ ಹಾಕಬೇಡಿ, ಕಾಳು ಬಿರಿದು, ಅನ್ನ ಮಾಡುವಾಗ ನುಚ್ಚಾಗುತ್ತದೆ. ಗಾಳಿಯಾಡುವ ನೆರಳಿನಲ್ಲಿ ಚಾಪೆಯ ಮೇಲೆ ಹರಡಿ ಆಗಾಗ ಕೈಯಾಡಿಸುತ್ತಿದ್ದರೆ ಹುಳುಗಳು ತಾವೇ ಅಂಚಿಗೆ ಹರಿದು ಹೊರಬೀಳುತ್ತವೆ. ಉಳಿದವನ್ನು ಮೊರದಲ್ಲಿ ಕೇರಿ ತೆಗೆಯಬಹುದು. ಕಣ್ಣಿಗೆ ಕಾಣುವ ಹುಳು ಹೋದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಅಕ್ಕಿಯ ಮೂಗಿನ ಹುಳು ಕಾಳಿನೊಳಗೇ ಮೊಟ್ಟೆಯಿಡುತ್ತದೆ ಮತ್ತು ಸುಮಾರು ಒಂದು ತಿಂಗಳಲ್ಲಿ ಹೊಸ ಹುಳು ಕಾಳನ್ನು ಕೊರೆದು ಹೊರಬರುತ್ತದೆ. ಸ್ವಲ್ಪವೇ ಇರುವ ಧಾನ್ಯವಾದರೆ ಫ್ರೀಜರಿನಲ್ಲಿ ಒಂದು ವಾರ ಇಟ್ಟುಬಿಡಿ, ಮೊಟ್ಟೆಗಳೂ ಸಾಯುತ್ತವೆ. ಬಿಸಿಲಿನಿಂದ ತಂದದ್ದನ್ನು ಪೂರ್ತಿ ತಣಿದ ಮೇಲೆಯೇ ಡಬ್ಬಕ್ಕೆ ತುಂಬಬೇಕು. ಬಿಸಿಯಿರುವಾಗಲೇ ಮುಚ್ಚಳ ಬಿಗಿದರೆ ಒಳಗೆ ಬೆವರಿ, ತೇವ ಮತ್ತೆ ಕೂಡಿಕೊಳ್ಳುತ್ತದೆ. ತೊಗರಿಬೇಳೆಗೆ ಕಿಲೋಗೆ ಒಂದು ಚಮಚದಷ್ಟು ಹರಳೆಣ್ಣೆ ಸವರಿಡುವ ಹಿರಿಯರ ಪದ್ಧತಿ ನಿಜಕ್ಕೂ ಫಲ ಕೊಡುತ್ತದೆ. ಬೇಯಿಸುವ ಮುನ್ನ ಬಿಸಿನೀರಿನಲ್ಲಿ ತೊಳೆದರೆ ಸಾಕು.

ಶೇಂಗಾದ ವಿಷಯದಲ್ಲಿ ದಯವಿಟ್ಟು ಉಳಿತಾಯದ ಯೋಚನೆ ಮಾಡಬೇಡಿ. ಮುಗ್ಗಲು ಹಿಡಿದ ಶೇಂಗಾ, ಕೊಬ್ಬರಿ, ಮೆಕ್ಕೆಜೋಳಗಳಲ್ಲಿ ಬೆಳೆಯುವ ಒಂದು ಬಗೆಯ ಶಿಲೀಂಧ್ರವು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಅದು ಯಕೃತ್ತಿಗೆ ಹಾನಿ ಮಾಡುವ, ಕ್ಯಾನ್ಸರ್‌ಗೂ ಕಾರಣವಾಗಬಲ್ಲ ವಿಷ. ಹುರಿದರೂ ಬೇಯಿಸಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ನಮ್ಮ ಕಡೆ ಇಂಥದ್ದನ್ನು ಎಸೆಯಲು ಮನಸ್ಸಾಗದೆ ದನದ ಬಾನಿಗೆ ಹಾಕುವ ರೂಢಿಯಿದೆ. ಅದೂ ಬೇಡ, ಹಸು ತಿಂದ ವಿಷದ ಒಂದು ಭಾಗ ಹಾಲಿನಲ್ಲಿ ಹೊರಬರುತ್ತದೆ. ಮಣ್ಣಿನಲ್ಲಿ ಹೂತುಬಿಡಿ.

ಡಬ್ಬಗಳು ಹೊರಗೆ ಒಣಗುತ್ತಿರುವಾಗ ಅಟ್ಟದ ಇಲ್ಲಣ, ಜೇಡರ ಬಲೆ ತೆಗೆಯಿರಿ. ಮೇಲಿನಿಂದ ಕೆಳಗೆ ಬಂದರೆ ಒಂದೇ ಜಾಗವನ್ನು ಎರಡು ಸಲ ಒರೆಸುವುದು ತಪ್ಪುತ್ತದೆ. ಬೇಸಿಗೆಯಲ್ಲಿ ಮಾಡಿಟ್ಟ ಹಪ್ಪಳ, ಸಂಡಿಗೆಗಳಿಗೂ ಒಂದು ಹೊತ್ತಿನ ಬಿಸಿಲು ಕೊಡಿ. ಮಿಡಿ ಉಪ್ಪಿನಕಾಯಿಯ ಜಾಡಿಗಳನ್ನು ಹೊರಗಿನಿಂದ ಒಣಬಟ್ಟೆಯಲ್ಲಿ ಒರೆಸಿ, ಬಾಯಿಗೆ ಕಟ್ಟಿದ ಬಟ್ಟೆಯನ್ನು ಬದಲಿಸಿದರೆ ಸಾಕು. ಕಾರಣವಿಲ್ಲದೆ ಒಳಗೆ ಕೈಯಿಡಬೇಡಿ.

ಉತ್ತರ: ಸೋಡಾಖಾರ, ಹಾಸನ

ಸಿರ್ಸಿಯವರು ಹೇಳಿದ ಕ್ರಮವನ್ನು ನಾನೂ ಒಪ್ಪುತ್ತೇನೆ. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವನಾದ್ದರಿಂದ ಜಿಡ್ಡು ಮತ್ತು ಬೂಷ್ಟಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಒಗ್ಗರಣೆಯ ಎಣ್ಣೆ ಆವಿಯೊಂದಿಗೆ ಮೇಲೇರಿ ತಣ್ಣನೆಯ ಟೈಲ್ಸ್ ಮೇಲೆ ಕೂರುತ್ತದೆ. ದಿನ ಕಳೆದಂತೆ ಗಾಳಿಯ ಸಂಪರ್ಕದಿಂದ ಗಟ್ಟಿಯಾಗಿ ಅಂಟಾಗುತ್ತದೆ. ಬರೀ ನೀರು ಅದನ್ನು ಕರಗಿಸಲಾರದು. ಬಿಸಿನೀರಿಗೆ ಬಟ್ಟೆ ಸೋಡಾ ಹಾಕಿ, ಆ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಟೈಲ್ಸ್ ಮೇಲೆ ಹತ್ತು ಹದಿನೈದು ನಿಮಿಷ ಅಂಟಿಸಿಟ್ಟರೆ ಜಿಡ್ಡಿನ ಒಂದು ಭಾಗ ಸಾಬೂನಾಗಿ ಬದಲಾಗಿ ಸಡಿಲಗೊಳ್ಳುತ್ತದೆ. ಆಮೇಲೆ ಒರೆಸಿದರೆ ತಿಕ್ಕುವ ಶ್ರಮವೇ ಬೇಕಾಗುವುದಿಲ್ಲ. ಕೈಗೆ ರಬ್ಬರ್ ಗ್ಲೌಸ್ ಇರಲಿ. ಆದರೆ ಈ ಸೋಡಾವನ್ನು ಅಲ್ಯೂಮಿನಿಯಮ್ ವಸ್ತುಗಳಿಗೆ ಬಳಸಬೇಡಿ, ಅದು ಲೋಹವನ್ನೇ ತಿಂದು ಕಪ್ಪಾಗಿಸುತ್ತದೆ. ಚಿಮಣಿಯ ಜಾಲರಿ, ಕುಕ್ಕರು, ಕೆಲವು ಫ್ಯಾನುಗಳ ರೆಕ್ಕೆಗಳು ಅಲ್ಯೂಮಿನಿಯಮ್ಮಿನವಾಗಿರುತ್ತವೆ. ಅವುಗಳಿಗೆ ಪಾತ್ರೆ ತೊಳೆಯುವ ದ್ರವ ಮತ್ತು ಬಿಸಿನೀರು ಸಾಕು. ಫ್ಯಾನಿಗೆ ಕೈ ಹಾಕುವ ಮೊದಲು ಪ್ಲಗ್ಗನ್ನೇ ಕಿತ್ತಿಡಿ, ಮೋಟಾರಿಗೆ ನೀರು ತಾಗದಿರಲಿ.

ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ನೊರೆಯುಕ್ಕಿಸುವ ವಿಡಿಯೊಗಳನ್ನು ನೀವೂ ನೋಡಿರಬಹುದು. ಒಂದು ಕ್ಷಾರ, ಇನ್ನೊಂದು ಆಮ್ಲ. ಬೆರೆತಾಗ ಎರಡರ ಶಕ್ತಿಯೂ ಕಳೆದು, ಹೆಚ್ಚು ಕಡಿಮೆ ಉಪ್ಪುನೀರು ಉಳಿಯುತ್ತದೆ. ಬೇರೆ ಬೇರೆಯಾಗಿ ಬಳಸಿದರೆ ಎರಡೂ ಪ್ರಯೋಜನಕ್ಕೆ ಬರುತ್ತವೆ. ಬ್ಲೀಚಿಂಗ್ ದ್ರವವನ್ನಂತೂ ವಿನೆಗರ್, ನಿಂಬೆ, ಶೌಚಾಲಯದ ಕ್ಲೀನರ್ ಯಾವುದರೊಂದಿಗೂ ಬೆರೆಸಕೂಡದು. ಕ್ಲೋರಿನ್ ಅನಿಲ ಹೊರಟು ಶ್ವಾಸಕೋಶಕ್ಕೆ ಅಪಾಯವಾಗುತ್ತದೆ, ಕಿಟಕಿ ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಸಿಂಕಿನ ಕೆಳಗಿನ ಕಪಾಟನ್ನು ಒರೆಸುವ ಮೊದಲು ಪೈಪಿನ ಜೋಡಣೆಗಳ ಸುತ್ತ ಒಣ ಕಾಗದ ಸುತ್ತಿ ಒಂದು ರಾತ್ರಿ ಬಿಡಿ. ಕಾಗದ ಒದ್ದೆಯಾದ ಜಾಗದಲ್ಲಿ ಸೋರಿಕೆಯಿದೆ ಎಂದು ತಿಳಿದು ಪ್ಲಂಬರನ್ನು ಕರೆಸಿ. ಸೋರಿಕೆ ನಿಂತ ಮೇಲೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಸಾಬೂನು ನೀರಿನ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದಿಟ್ಟು ಟೇಬಲ್ ಫ್ಯಾನ್ ಗಾಳಿ ಕೊಡಿ. ಪ್ಲೈವುಡ್ ಉಬ್ಬಿ ಪದರ ಬಿಟ್ಟಿದ್ದರೆ ಅದು ಮತ್ತೆ ಸರಿಯಾಗುವುದಿಲ್ಲ, ಆ ಹಲಗೆಯನ್ನು ಬದಲಿಸಲೇಬೇಕು.

ಉತ್ತರ: ಒಗ್ಗರಣೆ ಡಬ್ಬಿ, ಮೈಸೂರು

ಜೋಡಣೆಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಒಂದೆರಡು ಮಾತು. ಎಲ್ಲ ಡಬ್ಬಗಳೂ ಒಂದೇ ಅಳತೆಯವಾಗಿ ಸಾಲಾಗಿ ಕಾಣಬೇಕೆಂಬ ಆಸೆಗಿಂತ, ಯಾವುದು ಎಷ್ಟು ಸಲ ಕೈಗೆ ಬೇಕು ಎಂಬುದನ್ನು ಮೊದಲು ನೋಡಿ. ನಿತ್ಯ ಬೇಕಾದದ್ದು ಒಲೆಯ ಪಕ್ಕದಲ್ಲಿ ಇರಲಿ, ಆದರೆ ಒಲೆಯ ನೇರ ಮೇಲೆ ಬೇಡ. ಅಲ್ಲಿಯ ಬಿಸಿ ಮತ್ತು ಆವಿಗೆ ಸಾರಿನ ಪುಡಿ ಬೇಗ ಪರಿಮಳ ಕಳೆದುಕೊಂಡು ಗಂಟು ಕಟ್ಟುತ್ತದೆ. ಹಳೆಯ ದಿನಸಿ ಮುಗಿಯುವ ಮೊದಲು ಅದರ ಮೇಲೆಯೇ ಹೊಸದನ್ನು ಸುರಿಯುವ ಅಭ್ಯಾಸ ಬಿಟ್ಟರೆ ಹುಳುವಿನ ಕಾಟ ಅರ್ಧ ಕಡಿಮೆಯಾಗುತ್ತದೆ.

ಹಬ್ಬಕ್ಕೆ ಅಟ್ಟದಿಂದ ಇಳಿಸುವ ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದ ಕೂಡಲೇ ತೊಳೆದು, ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಡಿ. ಹುಳಿ ಅಂಟಿಕೊಂಡೇ ಉಳಿದರೆ ಕಿಲುಬು ಹಿಡಿಯುತ್ತದೆ. ಒಳಗಿನ ಕಲಾಯಿ ಸವೆದು ಹಳದಿ ಕಾಣುತ್ತಿರುವ ಪಾತ್ರೆಯಲ್ಲಿ ಹುಳಿ, ಸಾರು ಮಾಡುವಂತಿಲ್ಲ, ಮೊದಲು ಕಲಾಯಿ ಹಾಕಿಸಬೇಕು.

ಆಯುಧಪೂಜೆಯ ದಿನ ಈಳಿಗೆಮಣೆ, ಮಿಕ್ಸಿ, ಗ್ಯಾಸ್ ಒಲೆಗಳಿಗೆ ಅರಿಶಿನ ಕುಂಕುಮ ಹಚ್ಚುತ್ತೇವಲ್ಲ, ಅದಕ್ಕೆ ಮುಂಚೆ ಗ್ಯಾಸ್ ಪೈಪಿನ ಮೇಲೆ ಅಚ್ಚಾಗಿರುವ ದಿನಾಂಕವನ್ನೂ ನೋಡಿ. ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಸಿಲಿಂಡರಿನ ಕತ್ತಿನ ಪಟ್ಟಿಯ ಮೇಲಿರುವ ಎ, ಬಿ, ಸಿ, ಡಿ ಅಕ್ಷರಗಳು ವರ್ಷದ ಮೂರು ಮೂರು ತಿಂಗಳ ಅವಧಿಗಳನ್ನು ಸೂಚಿಸುತ್ತವೆ. ಡಿ-27 ಎಂದಿದ್ದರೆ ಅದರ ಮುಂದಿನ ಪರೀಕ್ಷೆಗೆ 2027ರ ಡಿಸೆಂಬರ್‌ವರೆಗೆ ಅವಧಿಯಿದೆ ಎಂದು ಅರ್ಥ.

ಮರುಪ್ರಶ್ನೆ: ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಶೇಂಗಾವನ್ನು ಇಂದೇ ಹೂಳಿಸುತ್ತೇನೆ. ದನಕ್ಕೆ ಹಾಕುವುದು ಬೇಡವೆಂಬುದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಇನ್ನೊಂದು ಸಂದೇಹ ಉಳಿದಿದೆ. ನಮ್ಮ ತೆರೆದ ಕಪಾಟಿನ ಹಲಗೆಗಳು ಕಡಪಾ ಕಲ್ಲಿನವು. ಎಣ್ಣೆಯ ಡಬ್ಬ ಇಡುವ ಕಡೆ ದುಂಡನೆಯ ಕಲೆ ಉಳಿದುಬಿಟ್ಟಿದೆ. ನಿಂಬೆಹಣ್ಣು ಉಜ್ಜಿದರೆ ಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಸೋಡಾಖಾರ, ಹಾಸನ

ನಿಂಬೆ, ವಿನೆಗರ್, ಹುಣಸೆ ಯಾವುದೂ ಬೇಡ. ಕಡಪಾ ಎಂಬುದು ಸುಣ್ಣದ ಕಲ್ಲಿನ ಜಾತಿಗೆ ಸೇರಿದ್ದು. ಹುಳಿ ತಾಗಿದ ಕಡೆ ಮೇಲ್ಮೈ ಕರಗಿ, ಹೊಳಪು ಹೋಗಿ, ಬಿಳಿಚಿಕೊಳ್ಳುತ್ತದೆ, ಮತ್ತೆ ಪಾಲಿಶ್ ಮಾಡಿಸದ ಹೊರತು ಅದು ಸರಿಹೋಗುವುದಿಲ್ಲ. ಎಣ್ಣೆ ಕಲ್ಲಿನ ಸೂಕ್ಷ್ಮ ರಂಧ್ರಗಳೊಳಗೆ ಇಳಿದಿರುವುದರಿಂದ ಅದನ್ನು ಹೊರಗೆ ಹೀರಿ ತೆಗೆಯಬೇಕು. ಅಡುಗೆ ಸೋಡಾವನ್ನು ನೀರಿನಲ್ಲಿ ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕಲೆಯ ಮೇಲೆ ದಪ್ಪನಾಗಿ ಬಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಪೂರ್ತಿ ಒಣಗಲು ಬಿಟ್ಟು, ಮರದ ಸೌಟಿನಿಂದ ಕೆರೆದು ಒರೆಸಿ. ಹಳೆಯ ಕಲೆಯಾದರೆ ಇದನ್ನೇ ಮತ್ತೆ ಮಾಡಬೇಕಾದೀತು. ಮುಂದೆ ಎಣ್ಣೆಯ ಡಬ್ಬದ ಅಡಿಗೆ ಅಂಚಿರುವ ಒಂದು ಸ್ಟೀಲ್ ತಟ್ಟೆ ಇಟ್ಟುಕೊಳ್ಳಿ.